ಸಸ್ಯೋದ್ಯಾನಗಳನ್ನು ನೋಡಿ ಮಲೆನಾಡಿನ ಹಿತ್ತಿಲಿಗೆ ಏನನ್ನು ತರಬಹುದು?

ಹೊಸನಗರದ ಹಿತ್ತಿಲು
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿಂದೆ, ಅಡಿಕೆ ತೋಟಕ್ಕೆ ಇಳಿಯುವ ಧರೆಯ (ಕಡಿದಾದ ಮಣ್ಣಿನ ದಿಬ್ಬದ) ಪಕ್ಕದಲ್ಲಿ ಅರ್ಧ ಎಕರೆಯಷ್ಟು ಇಳಿಜಾರು ಜಾಗ ಖಾಲಿ ಬಿದ್ದಿದೆ. ಅಲ್ಲಿಗೂ ಅಡಿಕೆಯನ್ನೇ ವಿಸ್ತರಿಸುವ ಬದಲು ಮರ, ಬಳ್ಳಿ, ಜರಿಗಿಡ, ಮರದ ಮೇಲೆ ಬೆಳೆಯುವ ಆರ್ಕಿಡ್ ಆದ ಸೀತಾಳೆ ದಂಡೆ ಇವೆಲ್ಲ ಇರುವ ಒಂದು ತೋಟ ಮಾಡಬೇಕೆಂಬ ಆಸೆ ನನಗೂ ನನ್ನ ಅತ್ತೆಯವರಿಗೂ ಇದೆ. ಗಿಡ ನೆಡುವ ಮೊದಲು ಒಳ್ಳೆಯ ಸಸ್ಯೋದ್ಯಾನಗಳನ್ನು ಕಣ್ಣಾರೆ ನೋಡಿ ಬರೋಣವೆಂದು ಲಾಲ್‌ಬಾಗ್, ಊಟಿ ಮತ್ತು ಕೇರಳದ ಪಾಲೋಡು ಈ ಮೂರನ್ನು ಗುರುತು ಹಾಕಿಕೊಂಡಿದ್ದೇವೆ.

ಮನೆಯ ಉಳಿದವರ ಆಕ್ಷೇಪ ಒಂದೇ: ಸುತ್ತಲೂ ಕಾಡಿರುವಾಗ ಗಿಡ ನೋಡಲು ಅಷ್ಟು ದೂರ ಏಕೆ ಹೋಗಬೇಕು? ಕಾಡಿನಲ್ಲಿ ಮರಗಳನ್ನು ದಿನವೂ ನೋಡುತ್ತೇನಾದರೂ ಅವುಗಳಲ್ಲಿ ಅರ್ಧದಷ್ಟರ ಹೆಸರನ್ನು ಹೇಳುವವರು ಊರಿನಲ್ಲಿ ಈಗ ಯಾರೂ ಉಳಿದಿಲ್ಲ. ಹೆಸರು ಬರೆದು ನಿಲ್ಲಿಸಿದ ಮರವನ್ನು ಒಮ್ಮೆ ಸರಿಯಾಗಿ ನೋಡಿಕೊಂಡರೆ ಊರಿನ ಮರವನ್ನೂ ಗುರುತಿಸಬಹುದು ಎಂಬುದು ನನ್ನ ವಾದ. ಯಾವ ಕಾಲದಲ್ಲಿ ಹೋಗಬೇಕು, ಏನನ್ನು ನೋಡಬೇಕು, ಅಲ್ಲಿ ಕಂಡದ್ದು ನಮ್ಮ ಮಳೆಗೆ ಒಗ್ಗುತ್ತದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಸಾಗರದ ಮೇಷ್ಟ್ರು
ತಂಗೀ, ನಿನ್ನ ವಾದವೇ ಸರಿ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವನಾಗಿ ಎರಡು ಮಾತು ಹೇಳುತ್ತೇನೆ.

ಮೊದಲನೆಯದು, ಲಾಲ್‌ಬಾಗ್‌ಗೆ ಫಲಪುಷ್ಪ ಪ್ರದರ್ಶನದ ಸಮಯದಲ್ಲಿ ಹೋಗಬೇಡ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಆಸುಪಾಸಿನ ಆ ಪ್ರದರ್ಶನಗಳು ಚೆಂದವೇ ಆದರೂ, ಗಾಜಿನ ಮನೆಯೊಳಗೆ ಆಗ ಕಾಣುವುದು ಕೆಲವು ವಾರ ಬಾಳುವ ಹೂಗಳ ಅಲಂಕಾರ. ನೀನು ಕಲಿಯಬೇಕಾದದ್ದು ಇರುವುದು ಹೊರಗೆ ನಿಂತ ಮರಗಳಲ್ಲಿ. 1760ರಲ್ಲಿ ಹೈದರ್ ಅಲಿ ಆರಂಭಿಸಿ ಟಿಪ್ಪು ಬೆಳೆಸಿದ ಆ ತೋಟಕ್ಕೆ ನಂತರ ಜಾನ್ ಕ್ಯಾಮರಾನ್, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ 1908ರಲ್ಲಿ ಇಲ್ಲಿಗೆ ಬಂದ ಜರ್ಮನಿಯ ಕೃಂಬಿಗಲ್, ಆಮೇಲೆ ನಮ್ಮವರೇ ಆದ ಜವರಾಯ, ಮರಿಗೌಡ ಇವರೆಲ್ಲ ಒಬ್ಬರ ಹಿಂದೊಬ್ಬರು ಗಿಡಗಳನ್ನು ಸೇರಿಸುತ್ತಲೇ ಬಂದರು. 240 ಎಕರೆಯಲ್ಲಿ ಬೇರೆ ಬೇರೆ ಖಂಡಗಳ ಮರಗಳು ಪೂರ್ತಿ ಬೆಳೆದು ನಿಂತಿವೆ. ನರ್ಸರಿಯ ಪ್ಲಾಸ್ಟಿಕ್ ಚೀಲದಲ್ಲಿ ಒಂದಡಿ ಎತ್ತರವಿರುವ ಗಿಡ ನೂರು ವರ್ಷದ ನಂತರ ಎಷ್ಟು ಜಾಗ ಹಿಡಿಯುತ್ತದೆ, ಅದರ ಬೇರು ಎಷ್ಟು ದೂರ ಹರಿಯುತ್ತದೆ ಎಂಬುದನ್ನು ಅಲ್ಲಿ ಮಾತ್ರ ನೋಡಬಹುದು. ಅಲ್ಲಿನ ಬೂರುಗದ ಮರದ ಬುಡವನ್ನು ಒಮ್ಮೆ ಸುತ್ತಿ ಬಂದವರು ಮನೆಯ ಗೋಡೆಗೆ ಹತ್ತಿರ ಬೂರುಗ ನೆಡುವುದಿಲ್ಲ.

ಎರಡನೆಯದು, ಎಲ್ಲವನ್ನೂ ನೋಡಲು ಓಡಾಡಬೇಡ. ಒಂದು ಕುಟುಂಬವನ್ನು ಆರಿಸಿಕೋ. ಹಲಸಿನ ಕುಟುಂಬವನ್ನು ಹಿಡಿದರೆ ಹಲಸು, ಹೆಬ್ಬಲಸು, ಅತ್ತಿ, ಆಲ, ಅರಳಿ ಎಲ್ಲವೂ ಬಂದವು. ಚಿಗುರನ್ನು ಮುಚ್ಚಿಕೊಂಡಿರುವ ಪೊರೆ, ಅದು ಉದುರಿದ ಮೇಲೆ ರೆಂಬೆಯ ಮೇಲೆ ಉಳಿಯುವ ಉಂಗುರದಂಥ ಗುರುತು, ಗಾಯವಾದಲ್ಲಿ ಒಸರುವ ಹಾಲು ಇವು ಅಷ್ಟರಲ್ಲೂ ಒಂದೇ ಎಂದು ಅಲ್ಲಿ ಕಂಡುಕೊಂಡರೆ, ಊರಿನ ಗುಡ್ಡದಲ್ಲಿ ಹೆಸರು ಗೊತ್ತಿಲ್ಲದ ಮರದ ಮುಂದೆ ನಿಂತಾಗಲೂ ಇದು ಯಾರ ಪೈಕಿ ಎಂದು ಹೇಳಬಲ್ಲೆ. ನೋಟ್‌ಬುಕ್ ಮತ್ತು ಪೆನ್ಸಿಲ್ ಒಯ್ದು ಚಿತ್ರ ಬರೆದುಕೋ. ಎಲೆ, ಹೂ ಕೀಳುವಂತಿಲ್ಲ.

ಮಂಡಗದ್ದೆ ನಿವಾಸಿ
ನಾನು ಇದನ್ನು ಒಪ್ಪುವುದಿಲ್ಲ. ಬೆಂಗಳೂರಿನ ತೋಟದಲ್ಲಿ ಆಸ್ಟ್ರೇಲಿಯದ ಮರ ನೋಡಿ ನಮ್ಮವರು ಕಲಿಯುವುದೇನಿದೆ? ನಮ್ಮ ಕಾಡೇ ಸಸ್ಯೋದ್ಯಾನ.

ತೀರ್ಥಹಳ್ಳಿ ಶಾಲೆ
ಮಂಡಗದ್ದೆಯವರೇ, ಕಾಡಿಗೂ ಸಸ್ಯೋದ್ಯಾನಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳನ್ನು ಕರೆದುಕೊಂಡು ಹೋದವರು ಬೇಗ ಅರಿಯುತ್ತಾರೆ. ಕಾಡಿನಲ್ಲಿ ಎಲೆ ಎಂಬತ್ತು ಅಡಿ ಮೇಲಿರುತ್ತದೆ, ಕಾಂಡದ ಮೇಲೆ ಪಾಚಿ ಮತ್ತು ಬಳ್ಳಿ ಹಬ್ಬಿರುತ್ತವೆ, ಜೊತೆಗೆ ಇಂಬಳದ ಕಾಟ. ಉದ್ಯಾನದಲ್ಲಿ ಮರ ಬಿಡಿಯಾಗಿ ನಿಂತಿರುತ್ತದೆ. ಬುಡದಿಂದ ತುದಿಯವರೆಗೆ ಕಾಣುತ್ತದೆ. ಪಕ್ಕದಲ್ಲಿ ಅದರ ಸಂಬಂಧಿಯೊಂದು ಇರುತ್ತದೆ. ಫಲಕದಲ್ಲಿ ಹೆಸರು, ಕುಟುಂಬ, ತವರು ನೆಲ ಬರೆದಿರುತ್ತದೆ. ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದೇ ಮರವನ್ನು ಒಪ್ಪಿಸಿ, ಅದರ ತೊಗಟೆಯನ್ನು ಮುಟ್ಟಿ ನೋಡಿ ನಾಲ್ಕು ಸಾಲು ಬರೆಯಿರಿ ಎಂದು ಹೇಳುವುದು ನನ್ನ ಕ್ರಮ. ಹಾಗೆ ಬರೆದ ಮಗು ಶಾಲೆಯ ಹಿಂದಿನ ಗುಡ್ಡದಲ್ಲಿ ತಾನಾಗಿಯೇ ಮರಗಳ ತೊಗಟೆ ಮುಟ್ಟಿ ನೋಡತೊಡಗುತ್ತದೆ. ಅಕ್ಷರ ಕಲಿತ ಮೇಲೆ ತಾನೇ ಪುಸ್ತಕ ಓದುವುದು?

ಮಂಡಗದ್ದೆ ನಿವಾಸಿ
ಮಕ್ಕಳ ವಿಷಯದಲ್ಲಿ ನಿಮ್ಮ ಮಾತಿಗೆ ಒಪ್ಪಿಗೆ ಇದೆ. ಆದರೆ ಕಾಡಿನಲ್ಲಿ ಮಾತ್ರ ಕಾಣಸಿಗುವ ಸಂಗತಿಗಳೂ ಇವೆ. ಜೋಗದಿಂದ ಹೊನ್ನಾವರದ ಕಡೆಗೆ ಇಳಿಯುವ ದಾರಿಯಲ್ಲಿ, ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ (ಕಾಡು ಜಾಯಿಕಾಯಿ) ಜಾತಿಯ ಮರಗಳ ಜೌಗು ಇದೆ. ವರ್ಷವಿಡೀ ಆರದ ಕೆಸರಿನಲ್ಲಿ ಬೇರಿಗೆ ಗಾಳಿ ಸಿಗದ ಕಾರಣ ಅಲ್ಲಿನ ಮರಗಳ ಬೇರುಗಳು ನೆಲದಿಂದ ಮೇಲೆದ್ದು, ಮಡಿಸಿದ ಮೊಣಕಾಲಿನ ಹಾಗೆ ಬಾಗಿ ಮತ್ತೆ ಕೆಸರಿಗೆ ಇಳಿಯುತ್ತವೆ. ಇನ್ನು ಕೆಲವು ಮರಗಳು ಕಾಂಡದಿಂದಲೇ ಊರುಗೋಲಿನ ಬೇರು ಇಳಿಬಿಟ್ಟು ನಿಂತಿವೆ. 2000ದಲ್ಲಿ ವಿಜ್ಞಾನಕ್ಕೆ ಹೊಸದೆಂದು ದಾಖಲಾದ ಒಂದು ಮರಕ್ಕೆ ಆ ಊರಿನ ಹೆಸರನ್ನೇ ಸೇರಿಸಿ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಕರೆದಿದ್ದಾರೆ. ಅದು ನಮ್ಮ ಗೇರಿನ ಕುಟುಂಬದ್ದು. ಇಂಥ ಜಾಗವನ್ನು ಯಾವ ಉದ್ಯಾನ ತೋರಿಸಬಲ್ಲದು?

ತೀರ್ಥಹಳ್ಳಿ ಶಾಲೆ
ತೋರಿಸಲಾರದು, ನಿಜ. ಆದರೆ ಆ ಜೌಗಿಗೆ ನೂರು ಮಕ್ಕಳನ್ನು ಇಳಿಸಿದರೆ ಎಳೆಯ ಸಸಿಗಳು ಕಾಲಡಿ ಸಿಕ್ಕಿ ಹೋಗುತ್ತವೆ. ಹೆಚ್ಚು ಜನ ಓಡಾಡಿದರೂ ಹಾಳಾಗದ ಜಾಗವೊಂದು ಕಲಿಕೆಗೆ ಬೇಕು; ಕಾನಿಗೆ ಅರಣ್ಯ ಇಲಾಖೆಯ ಅನುಮತಿ ಪಡೆದು ನಾಲ್ಕೈದು ಜನ ಮಾತ್ರ ಹೋಗಬೇಕು.

ಮಳೆ ಅಳೆಯುವವ, ಆಗುಂಬೆ ಹೋಬಳಿ
ಮೂಲ ಪ್ರಶ್ನೆಯಲ್ಲಿದ್ದ ಮಳೆಯ ವಿಚಾರಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ. ಲಾಲ್‌ಬಾಗ್ ಇರುವ ಬೆಂಗಳೂರಿನಲ್ಲಿ ವರ್ಷದ ಮಳೆ 1,000 ಮಿ.ಮೀ. ಆಸುಪಾಸು. ಆಗುಂಬೆ, ಹುಲಿಕಲ್ ಕಡೆ 5,000 ಮಿ.ಮೀ. ದಾಟುವುದು ಸಾಮಾನ್ಯ, ಅದೂ ಬಹುಪಾಲು ನಾಲ್ಕು ತಿಂಗಳಲ್ಲಿ. ಊಟಿಯ ಉದ್ಯಾನವು 2,200 ಮೀಟರಿಗೂ ಎತ್ತರದಲ್ಲಿದ್ದು, ಚಳಿಗಾಲದಲ್ಲಿ ಅಲ್ಲಿ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುತ್ತದೆ. ಆದ್ದರಿಂದ ಈ ಎರಡೂ ಕಡೆಯ ಗಿಡಗಳ ಪಟ್ಟಿಯನ್ನು ಹಾಗೆಯೇ ಹೊಸನಗರಕ್ಕೆ ತರಬಾರದು.

ಆದರೆ ಊಟಿಯಿಂದ ಕಲಿಯಬೇಕಾದ ಬೇರೆ ಪಾಠವಿದೆ. 1848ರಲ್ಲಿ ಕೆಲಸಕ್ಕೆ ಬಂದ ಮ್ಯಾಕ್‌ಐವರ್ ಜೌಗೂ ಪೊದೆಯೂ ತುಂಬಿದ್ದ ಒಂದು ಬೆಟ್ಟದ ಮಗ್ಗುಲನ್ನು ಹಂತಹಂತವಾಗಿ ಕಡಿದು ಉದ್ಯಾನ ಮಾಡಿದ. ನೀರು ಎಲ್ಲಿಂದ ಇಳಿದು ಎಲ್ಲಿ ತಿರುಗುತ್ತದೆ, ಮೆಟ್ಟಿಲುಗಳು ಯಾವ ಕೋನದಲ್ಲಿವೆ, ಹಾದಿಯ ಯಾವ ಮಗ್ಗುಲಲ್ಲಿ ಚರಂಡಿ ಇದೆ ಎಂದು ನೋಡಿಕೊಂಡು ಬನ್ನಿ. ಇಳಿಜಾರು ಜಾಗವಿರುವ ನಿಮಗೆ ಹೂವಿಗಿಂತ ಅದು ಮುಖ್ಯ.

ಗಿಡಗಳಿಗಾಗಿ ಪಾಲೋಡಿಗೆ ಹೋಗಿ. ತಿರುವನಂತಪುರದ ಬಳಿ 1979ರಲ್ಲಿ ಸ್ಥಾಪನೆಯಾದ ಆ ಉದ್ಯಾನ ನಮ್ಮಂತೆಯೇ ಪಶ್ಚಿಮ ಘಟ್ಟದ ಮಡಿಲಿನದು, ಅಲ್ಲಿನ ಮಳೆ, ಸೆಕೆ, ಮಣ್ಣು ನಮಗೆ ಹತ್ತಿರ. ಅಲ್ಲಿನ ವಿಜ್ಞಾನಿಗಳು ಕಾಣಿ ಬುಡಕಟ್ಟಿನವರಿಂದ ಆರೋಗ್ಯಪಚ್ಚ ಎಂಬ ಗಿಡದ ಗುಣವನ್ನು ಅರಿತು ಔಷಧಿ ಸಿದ್ಧಪಡಿಸಿದಾಗ, ಅದರಿಂದ ಬಂದ ಹಣದಲ್ಲಿ ಅರ್ಧ ಪಾಲನ್ನು ಆ ಜನರಿಗೆ ಕೊಡುವ ಏರ್ಪಾಡು ಮಾಡಿದ್ದರು. ನಾಟಿ ವೈದ್ಯರ ತಿಳಿವಳಿಕೆ ಹೇರಳವಾಗಿರುವ ನಮ್ಮ ಜಿಲ್ಲೆಯವರು ಈ ಸಂಗತಿಯನ್ನು ತಿಳಿದಿರಬೇಕು ಎಂದು ನನಗೆ ಅನಿಸುತ್ತದೆ.

ನರ್ಸರಿ ಅಣ್ಣ, ಶಿವಮೊಗ್ಗ
ಮಳೆಯ ಮಾತು ಬಂದದ್ದು ಒಳ್ಳೆಯದಾಯಿತು. ಉದ್ಯಾನ ನೋಡಿ ಬಂದವರು ಮೊಬೈಲಿನಲ್ಲಿ ಫೋಟೋ ತೋರಿಸಿ ಇದೇ ಗಿಡ ಬೇಕು ಎನ್ನುತ್ತಾರೆ. ಕೊಟ್ಟ ಗಿಡ ಮೇ ತಿಂಗಳವರೆಗೆ ಹೊಳೆಯುತ್ತಿರುತ್ತದೆ. ಆರಿದ್ರಾ ಮಳೆ ಹಿಡಿದ ಮೇಲೆ ಸುಳಿಯಲ್ಲಿ ನೀರು ನಿಂತು, ಪುನರ್ವಸು ಮುಗಿಯುವ ಹೊತ್ತಿಗೆ ನಡುವಿನ ಎಲೆಯನ್ನು ಎಳೆದರೆ ಕೊಳೆತ ವಾಸನೆಯೊಂದಿಗೆ ಕೈಗೇ ಬರುತ್ತದೆ. ಕಳ್ಳಿ ಜಾತಿಯ ಗಿಡಗಳು, ಗುಲಾಬಿ, ಹಲವು ಬಗೆಯ ಅಲಂಕಾರದ ತಾಳೆಗಳ ಪಾಡು ಇದೇ.

ಹೊಸನಗರದ ಅಕ್ಕನವರಿಗೆ ನನ್ನ ಸಲಹೆ ಇಷ್ಟು. ಮಳೆಗಾಲ ಬಲವಾಗಿರುವಾಗ ನಿಮ್ಮ ಜಾಗದ ಮೇಲ್ಭಾಗ, ನಡು, ಕೆಳಭಾಗ ಮೂರೂ ಕಡೆ ಒಂದೂವರೆ ಅಡಿಯ ಗುಂಡಿ ತೆಗೆದು, ಅದರಲ್ಲಿ ತುಂಬಿದ ನೀರು ಮಳೆ ಹೊಳವಾದ ಮೇಲೆ ಎಷ್ಟು ಹೊತ್ತಿನಲ್ಲಿ ಇಂಗುತ್ತದೆ ಎಂದು ನೋಡಿ. ಮರುದಿನವೂ ನೀರು ನಿಂತಿರುವ ಕಡೆ ಜೌಗನ್ನು ಸಹಿಸುವ ಗಿಡಗಳಿಗೆ ಮಾತ್ರ ಜಾಗ. ಈ ಲೆಕ್ಕ ಕೈಯಲ್ಲಿದ್ದರೆ ಉದ್ಯಾನದಲ್ಲಿ ಒಂದು ಗಿಡ ಇಷ್ಟವಾದಾಗ ಅದು ಅಲ್ಲಿ ದಿಬ್ಬದ ಮೇಲಿದೆಯೋ, ಕೆರೆಯ ಅಂಚಿನಲ್ಲಿದೆಯೋ ಎಂದು ನೋಡುವ ಬುದ್ಧಿ ತಾನಾಗಿ ಬರುತ್ತದೆ.

ಹೊಸನಗರದ ಹಿತ್ತಿಲು
ಬಹಳ ಉಪಕಾರವಾಯಿತು. ಗುಂಡಿಯ ಪರೀಕ್ಷೆಯನ್ನು ಈ ಮಳೆಗಾಲವೇ ಮಾಡುತ್ತೇವೆ. ಮೇಷ್ಟ್ರೇ, ಜರಿಗಿಡ ಮತ್ತು ನೆಲ ಮುಚ್ಚುವ ಬಳ್ಳಿಗಳ ಬಗ್ಗೆಯೂ ತಿಳಿಸುವಿರಾ? ಧರೆಯ ಮಣ್ಣು ಕುಸಿಯದಂತೆ ಬೇಗ ಹಬ್ಬುವ ಯಾವುದಾದರೂ ಗಿಡ ಉದ್ಯಾನಗಳಲ್ಲಿ ಸಿಗಬಹುದೆಂದು ಅತ್ತೆಯವರು ಕೇಳುತ್ತಿದ್ದಾರೆ.

ಸೊಪ್ಪಿನ ಬೆಟ್ಟ
ಬೇಗ ಹಬ್ಬುವ ಗಿಡ ಎಂಬ ಮಾತು ಕೇಳಿದರೆ ನನಗೆ ಭಯವಾಗುತ್ತದೆ. ಇಂದು ನಮ್ಮ ಗುಡ್ಡಗಳನ್ನು ಆವರಿಸಿರುವ ಲಂಟಾನ 19ನೇ ಶತಮಾನದ ಮೊದಲ ದಶಕದಲ್ಲಿ ಕೋಲ್ಕತ್ತದ ಸಸ್ಯೋದ್ಯಾನಕ್ಕೆ ಹೂವಿನ ಚೆಲುವಿಗಾಗಿ ಬಂದ ಗಿಡ. ಹಕ್ಕಿಗಳು ಹಣ್ಣು ತಿಂದು ಬೀಜ ಚೆಲ್ಲಿದವು. ಇನ್ನೂರು ವರ್ಷಗಳಲ್ಲಿ ಅದು ದೇಶದ ಕಾಡುಗಳನ್ನೆಲ್ಲ ಹೊಕ್ಕಿತು. ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನ ಬೆಟ್ಟದಲ್ಲಿ ಲಂಟಾನ ಮತ್ತು ಯುಪಟೋರಿಯಂ ಕಳೆಯ ಹಿಂಡುಗಳ ಅಡಿಯಲ್ಲಿ ಮತ್ತಿ, ಹೊನ್ನೆ, ನಂದಿಯ ಸಸಿಗಳು ಮೇಲೇಳುತ್ತಿಲ್ಲ. ಈಗ ರಸ್ತೆಯ ಬದಿಯಿಂದ ತೋಟದ ಕಾಲುವೆಗಳಿಗೆ ಇಳಿದಿರುವ ಹಳದಿ ಹೂವಿನ ವೆಡೇಲಿಯಾ ಬಳ್ಳಿಯೂ ನೆಲ ಮುಚ್ಚಲೆಂದು ತಂದದ್ದೇ. ಉದ್ಯಾನಗಳು ಈ ಹೊಣೆಯನ್ನು ಒಪ್ಪಿಕೊಳ್ಳಬೇಕು, ನೋಡಲು ಹೋಗುವವರೂ ಕೇಳಬೇಕು: ಈ ಗಿಡದ ಹಣ್ಣನ್ನು ಹಕ್ಕಿ ತಿನ್ನುತ್ತದೆಯೇ, ತುಂಡು ಬಿದ್ದಲ್ಲಿ ಬೇರು ಬಿಡುತ್ತದೆಯೇ, ದನ ಮೇಯುತ್ತದೆಯೇ?

ಚಪ್ಪರದ ಬಳ್ಳಿ
ಉದ್ಯಾನಗಳ ಮೇಲೆ ಇಷ್ಟೊಂದು ಅಪವಾದ ಹೊರಿಸುವುದು ನ್ಯಾಯವಲ್ಲ. ನಮ್ಮ ಚಪ್ಪರದ ಮೇಲೆ ಹಬ್ಬಿರುವ ಸೀಮೆಬದನೆ ಲಾಲ್‌ಬಾಗ್‌ನ ಕ್ಯಾಮರಾನ್ ಅವರ ಮೂಲಕ ಈ ಕಡೆಗೆ ಬಂದದ್ದು. ಮಲೇರಿಯಾದಿಂದ ಜನ ಸಾಯುತ್ತಿದ್ದ ಕಾಲದಲ್ಲಿ ಸಿಂಕೋನ ಗಿಡವನ್ನು ದಕ್ಷಿಣ ಅಮೆರಿಕದಿಂದ ತಂದು ನೀಲಗಿರಿಯಲ್ಲಿ ಬೆಳೆಸಿದ್ದೂ ಇದೇ ಉದ್ಯಾನಗಳ ಜಾಲ.

ಸೊಪ್ಪಿನ ಬೆಟ್ಟ
ಉಪಕಾರವಾದದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಸೀಮೆಬದನೆ ಚಪ್ಪರ ಬಿಟ್ಟು ಕಾಡಿಗೆ ಹೋಗಲಿಲ್ಲ, ಲಂಟಾನ ಹೋಯಿತು. ಯಾವುದು ಹೋಗುತ್ತದೆ ಎಂದು ತರುವಾಗ ಯಾರಿಗೂ ತಿಳಿದಿರಲಿಲ್ಲ. ಈಗ ತಿಳಿದಿರುವಾಗಲೂ ತರುವುದು ತಪ್ಪಲ್ಲವೇ?

ಸಾಗರದ ಮೇಷ್ಟ್ರು
ಸೊಪ್ಪಿನ ಬೆಟ್ಟದವರ ಎಚ್ಚರಿಕೆಯನ್ನು ನಾನು ಪೂರ್ತಿಯಾಗಿ ಅನುಮೋದಿಸುತ್ತೇನೆ. ತಂಗೀ, ಧರೆಗೆ ಹೊರಗಿನ ಬಳ್ಳಿ ಬೇಡ. ನಿಮ್ಮ ತೋಟದ ಅಗಳಿನ (ಕಂದಕದ) ತೇವದ ಗೋಡೆಯನ್ನೇ ಗಮನಿಸು; ಅಲ್ಲಿ ತಾನಾಗಿ ಹುಟ್ಟಿ ಹತ್ತು ಮಳೆಗಾಲ ಕಂಡ ಜರಿಗಿಡಗಳಿವೆ. ಎಲೆಯ ಹಿಂಬದಿಯಲ್ಲಿ ಕಂದು ಬಣ್ಣದ ಚುಕ್ಕಿಗಳು ಕೆಲವದರಲ್ಲಿ ಅಂಚಿನುದ್ದಕ್ಕೂ, ಕೆಲವದರಲ್ಲಿ ನರದ ಎರಡೂ ಪಕ್ಕಕ್ಕೂ ಇರುತ್ತವೆ. ಜರಿಗಿಡಗಳನ್ನು ಗುರುತಿಸುವುದು ಬಹುಮಟ್ಟಿಗೆ ಆ ಚುಕ್ಕಿಗಳ ಸಾಲಿನಿಂದ. ಉದ್ಯಾನದ ಜರಿಗಿಡದ ಮನೆಯಲ್ಲಿ ಎಲೆಯನ್ನು ಮೆಲ್ಲಗೆ ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಂಡರೆ, ನೆಡುವ ಗಿಡವನ್ನು ನಿನ್ನ ಅಗಳಿನಿಂದಲೇ ಆರಿಸಿಕೊಳ್ಳಬಹುದು.

ದಂಡೆ ಹೂ
ಸೀತಾಳೆ ದಂಡೆಯ ವಿಷಯ ಯಾರೂ ಎತ್ತಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಅದನ್ನು ಕಾಡಿನ ಮರದಿಂದ ಕಿತ್ತು ತರಬೇಡಿ. ಮುಂಗಾರಿನ ಗಾಳಿಗೆ ನಿಮ್ಮದೇ ತೋಟದಲ್ಲಿ ಕೊಂಬೆ ಮುರಿದು ಬಿದ್ದಾಗ ಅದರ ಜೊತೆ ಬಿದ್ದ ಗಿಡ ಸಿಕ್ಕರೆ ಸಾಕು. ಮಣ್ಣಿನ ಕುಂಡದಲ್ಲಿ ಹೂತರೆ ಅದು ಬದುಕುವುದಿಲ್ಲ. ಬೆರಳು ದಪ್ಪದ ಅದರ ಬಿಳಿಯ ಬೇರಿನ ಮೇಲೆ ನೀರು ಹಾಕಿ ನೋಡಿ, ಕ್ಷಣದಲ್ಲಿ ಹಸಿರಾಗುತ್ತದೆ; ಹೊರಗಿನ ಸ್ಪಂಜಿನಂಥ ಪದರ ನೀರು ಹೀರಿದಾಗ ಒಳಗಿನ ಹಸಿರು ಕಾಣುತ್ತದೆ, ಒಣಗಿದಾಗ ಮತ್ತೆ ಬಿಳಿಯಾಗುತ್ತದೆ. ಆ ಬೇರಿಗೆ ಗಾಳಿ ಆಡಲೇಬೇಕು. ಹಲಸಿನ ಅಥವಾ ಮಾವಿನ ಒರಟು ತೊಗಟೆಗೆ, ಬೆಳಗಿನ ಬಿಸಿಲು ಬೀಳುವ ಕಡೆ, ತೆಂಗಿನ ನಾರು ಸೇರಿಸಿ ಬಾಳೆಯ ಪಟ್ಟೆಯಿಂದ ಕಟ್ಟಿ. ಪಟ್ಟೆ ಕೊಳೆಯುವ ಹೊತ್ತಿಗೆ ಬೇರು ಮರವನ್ನು ಹಿಡಿದಿರುತ್ತದೆ.

ಅಪ್ಪೆಮಿಡಿ, ರಿಪ್ಪನ್‌ಪೇಟೆ
ಇಷ್ಟೆಲ್ಲ ಓದಿದ ಮೇಲೆ ನನ್ನ ಪ್ರಶ್ನೆ: ಮಲೆನಾಡಿನ ಗಿಡಗಳಿಗಾಗಿ ಮಲೆನಾಡಿನಲ್ಲೇ ಒಂದು ದೊಡ್ಡ ಸಸ್ಯೋದ್ಯಾನ ಏಕಿರಬಾರದು? 2009ರಲ್ಲಿ ಉಪ್ಪಿನಕಾಯಿಗೆ ಹೆಸರಾದ ನಮ್ಮ ಮಾವಿನ ಮಿಡಿ, ಅಪ್ಪೆಮಿಡಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಆದರೆ ಮಾನ್ಯತೆಯ ಕಾಗದವು ಮರವನ್ನು ಉಳಿಸುವುದಿಲ್ಲ. ಹೊಳೆಯಂಚಿನ ಹಳೆಯ ಮರಗಳಲ್ಲಿ ಒಂದೊಂದರ ಮಿಡಿಯೂ ಬೇರೆ. ತೊಟ್ಟು ಮುರಿದಾಗ ಚಿಮ್ಮುವ ಸೊನೆಯನ್ನು ಮೂಸಿದರೆ ಒಂದರಲ್ಲಿ ಜೀರಿಗೆಯ ಘಮ, ಇನ್ನೊಂದರಲ್ಲಿ ಕರ್ಪೂರದ ಘಮ. ಅಂಥ ಮರವೊಂದು ಗಾಳಿಗೆ ಉರುಳಿದರೆ, ಅಥವಾ ಮಿಡಿಗಾಗಿ ಕೊಂಬೆಗಳನ್ನೇ ಕಡಿದುಹಾಕಿದರೆ, ಆ ರುಚಿ ಅಲ್ಲಿಗೆ ಮುಗಿಯಿತು. ಏಕೆಂದರೆ ಗೊರಟಿನಿಂದ ಹುಟ್ಟಿದ ಗಿಡದಲ್ಲಿ ತಾಯಿಯ ಗುಣ ಬರುತ್ತದೆಂಬ ಭರವಸೆಯಿಲ್ಲ. ಕಸಿ ಕಟ್ಟಿಯೇ ಉಳಿಸಬೇಕು. ಪ್ರತಿಯೊಂದು ತಾಯಿಮರದಿಂದ ಎರಡು ಕಸಿ ಗಿಡ ಮಾಡಿ, ಮೂಲ ಮರ ನಿಂತಿರುವ ಊರನ್ನು ಬರೆದ ಫಲಕದೊಂದಿಗೆ ಒಂದೇ ಕಡೆ ನೆಟ್ಟರೆ ನೋಡುವವರಿಗೂ ಪಾಠ, ರೈತರಿಗೂ ಕಸಿಕಡ್ಡಿಯ ಮೂಲ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವೇ ಇರುವಾಗ ಮಾರ್ಗದರ್ಶನಕ್ಕೆ ಕೊರತೆಯಿಲ್ಲ.

ಮಂಡಗದ್ದೆ ನಿವಾಸಿ
ಇಂಥ ಉದ್ಯಾನಕ್ಕೆ ನನ್ನ ಸಂಪೂರ್ಣ ಬೆಂಬಲವಿದೆ. ಆದರೆ ಅದಕ್ಕಾಗಿ ಕಾಡನ್ನು ಸವರಬಾರದು. ಅಕೇಶಿಯಾ ನೆಟ್ಟು ಬರಡಾದ ಜಾಗವನ್ನು ಆರಿಸಿಕೊಳ್ಳಬೇಕು.

ಅರಣ್ಯ ವಿದ್ಯಾರ್ಥಿ, ಶಿರಸಿ
ಅಪ್ಪೆಮಿಡಿಯವರ ಮಾತಿಗೆ ಬೀಜದ ಕಡೆಯಿಂದ ಒಂದು ಕಾರಣ ಸೇರಿಸುತ್ತೇನೆ. ಭತ್ತ, ರಾಗಿಯ ಬೀಜವನ್ನು ಒಣಗಿಸಿ ಶೀತಲ ಕೋಣೆಯಲ್ಲಿಟ್ಟರೆ ಬಹಳ ವರ್ಷ ಮೊಳೆಯುವ ಶಕ್ತಿ ಉಳಿಯುತ್ತದೆ. ಕ್ಯೂ ಉದ್ಯಾನದವರ ಬೀಜ ಬ್ಯಾಂಕಿನಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಬೀಜಗಳನ್ನು ಇಡುವುದು ಇದೇ ಕಾರಣಕ್ಕೆ. ಆದರೆ ನಿತ್ಯಹರಿದ್ವರ್ಣ ಕಾಡಿನ ಅನೇಕ ಮರಗಳ ಬೀಜ ಒಣಗಿದರೆ ಸತ್ತೇಹೋಗುತ್ತದೆ. ಹಲಸು, ಹೆಬ್ಬಲಸು, ಧೂಪ, ರಾಮಪತ್ರೆ ಎಲ್ಲವೂ ಈ ಗುಂಪಿನವು. ಅವು ಹಣ್ಣಾಗಿ ಬೀಳುವುದೇ ಮಳೆಯ ಆಸುಪಾಸಿನಲ್ಲಿ, ಬಿದ್ದ ಕೆಲವೇ ದಿನಗಳಲ್ಲಿ ಒದ್ದೆ ನೆಲದಲ್ಲಿ ಮೊಳೆಯುತ್ತವೆ. ಕಾಯುವ ಅಗತ್ಯವೇ ಅವುಗಳಿಗೆ ಇರಲಿಲ್ಲ. ಹಾಗಾಗಿ ಇಂಥ ಮರಗಳನ್ನು ಡಬ್ಬಿಯಲ್ಲಿ ಕಾಪಿಡಲು ಬರುವುದಿಲ್ಲ, ಬೆಳೆದು ನಿಂತ ಮರವಾಗಿಯೇ ಕಾಪಾಡಬೇಕು. ವಯನಾಡಿನ ಗುರುಕುಲ ಸಸ್ಯಧಾಮದಲ್ಲಿ 1981ರಿಂದ ನಡೆಯುತ್ತಿರುವುದು ಇದೇ ಕೆಲಸ: ನಾಶವಾಗುತ್ತಿರುವ ಕಾಡಿನ ತುಣುಕುಗಳಿಂದ ಗಿಡಗಳನ್ನು ತಂದು ಸಾಕುವುದು. ಅದು ಪ್ರವಾಸಿಗಳಿಗಾಗಿ ಇರುವ ಜಾಗವಲ್ಲವಾದ್ದರಿಂದ ಮೊದಲೇ ಕೇಳಿ ಒಪ್ಪಿಗೆ ಪಡೆದು ಹೋಗಬೇಕು.

ಹೊಸನಗರದ ಹಿತ್ತಿಲು
ಹಾಗಾದರೆ ನಮ್ಮ ಅರ್ಧ ಎಕರೆಯಲ್ಲೂ ಅಂಥ ಕೆಲವು ಮರಗಳಿಗೆ ಜಾಗ ಕೊಡಬಹುದೇ? ಬೀಜ ಎಲ್ಲಿ ಸಿಗುತ್ತದೆ, ಹೇಗೆ ತರಬೇಕು?

ಅರಣ್ಯ ವಿದ್ಯಾರ್ಥಿ, ಶಿರಸಿ
ಖಂಡಿತವಾಗಿ ಕೊಡಬಹುದು, ಅಕ್ಕ. ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಮಳೆಗಾಲದ ಆರಂಭಕ್ಕೆ ಇವುಗಳ ಸಸಿ ಇದೆಯೇ ಎಂದು ಮೊದಲು ವಿಚಾರಿಸಿ. ಪರಿಚಯದವರ ತೋಟದಲ್ಲಿ ಹೆಬ್ಬಲಸು ಇದ್ದರೆ ಜೂನ್ ಹೊತ್ತಿಗೆ ಬಿದ್ದ ಹಣ್ಣಿನ ಬೀಜ ತೊಳೆದು, ಬಿಸಿಲಿಗೆ ಒಣಗಿಸದೆ, ಒದ್ದೆ ಮರಳಿನಲ್ಲಿ ಸುತ್ತಿ ತಂದು ಅದೇ ವಾರ ಬಿತ್ತಿ. ಪೇಟೆಯಲ್ಲಿ ಒಣಗಿಸಿ ಮಾರುವ ರಾಮಪತ್ರೆ ಬಿತ್ತನೆಗೆ ಬರುವುದಿಲ್ಲ. ಸಸಿಗಳಿಗೆ ಮೊದಲ ಎರಡು ಮೂರು ವರ್ಷ ನೆರಳು ಬೇಕಾಗುತ್ತದೆ, ಆದ್ದರಿಂದ ಜಾಗದಲ್ಲಿ ಈಗಾಗಲೇ ಇರುವ ಯಾವ ಮರವನ್ನೂ ಕಡಿಯಬೇಡಿ.

ನರ್ಸರಿ ಅಣ್ಣ, ಶಿವಮೊಗ್ಗ
ಫಲಕ ಹಾಕುವುದಾದರೆ ಮರಕ್ಕೆ ಮೊಳೆ ಹೊಡೆಯಬೇಡಿ, ತಂತಿಯನ್ನು ಬಿಗಿಯಾಗಿ ಸುತ್ತಲೂ ಬೇಡಿ. ಕಾಂಡ ದಪ್ಪವಾದಂತೆ ತಂತಿ ತೊಗಟೆಯೊಳಗೆ ಇಳಿದು ಮರ ಸೊರಗುತ್ತದೆ. ಬುಡದಿಂದ ಎರಡಡಿ ದೂರದಲ್ಲಿ ಗೂಟ ನೆಟ್ಟು ಅದಕ್ಕೇ ಹಾಕಿ. ಹೆಸರಿನ ಕೆಳಗೆ ಬೀಜ ತಂದ ಊರು ಮತ್ತು ನೆಟ್ಟ ವರ್ಷವನ್ನೂ ಬರೆಯಿರಿ. ನಮ್ಮ ಮಳೆಗೆ ಪೇಂಟ್ ಎರಡು ವರ್ಷ ನಿಲ್ಲುವುದಿಲ್ಲ, ಅಲ್ಯೂಮಿನಿಯಂ ತಗಡಿನ ಮೇಲೆ ಮೊಳೆಯಿಂದ ಕೊರೆದ ಅಕ್ಷರ ಉಳಿಯುತ್ತದೆ.